ಕಮಲಾ ಸೋಹೋನಿಯವರೊಡನೆ ಒಂದು ಗಂಟೆ

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹ ರೂಪ)



ಬದುಕಿರುವವರಾಗಲಿ, ತೀರಿಹೋದವರಾಗಲಿ, ಯಾರಾದರೂ ಒಬ್ಬರ ಜೊತೆ ಒಂದು ಗಂಟೆ ಮಾತನಾಡಬಹುದು ಎಂದಾದರೆ ಯಾರನ್ನು ಆರಿಸಿಕೊಳ್ಳುತ್ತೀರಿ? ಇದು ಈ ತಿಂಗಳ ವಿಷಯ. ನನಗಿಂತ ಮೊದಲು ಮಾತನಾಡಿದವರಲ್ಲಿ ಒಬ್ಬರು ಅಕ್ಕಮಹಾದೇವಿಯನ್ನು ಕರೆದರು, ಒಬ್ಬರು ಕಿತ್ತೂರು ಚೆನ್ನಮ್ಮನನ್ನು ಕರೆದರು, ಇನ್ನೊಬ್ಬರು ತಮ್ಮ ಅಜ್ಜಿಯನ್ನೇ ಕರೆದು ನಮ್ಮೆಲ್ಲರ ಕಣ್ಣು ಒದ್ದೆ ಮಾಡಿದರು. ನಾನು ಕರೆಯುವವರ ಹೆಸರು ಕೆಲವರಿಗೆ ಹೊಸದಿರಬಹುದು: ಡಾ. ಕಮಲಾ ಸೋಹೋನಿ, ಜೀವರಸಾಯನ ವಿಜ್ಞಾನಿ. ಅವರು ಕನ್ನಡದವರಲ್ಲ, ಮರಾಠಿ ಮನೆತನದವರು. ಆದರೆ ಅವರ ಬದುಕಿನ ಬಹು ಮುಖ್ಯ ತಿರುವು ನಮ್ಮ ಬೆಂಗಳೂರಿನಲ್ಲಿ ಆಯಿತು. ಬದುಕಿನ ದೊಡ್ಡ ಭಾಗ ಕಳೆದದ್ದು ನಾವೆಲ್ಲ ಸಂಸಾರ ಹೂಡಿರುವ ಈ ಮುಂಬಯಿಯಲ್ಲಿ.

ಮೊದಲು ಅವರ ಪರಿಚಯ ಹೇಳಿಬಿಡುತ್ತೇನೆ. ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ. ಹೆಸರಾಂತ ಮರಾಠಿ ಲೇಖಕಿ ದುರ್ಗಾ ಭಾಗವತ್ ಇವರ ಅಕ್ಕ. ತಂದೆ, ಚಿಕ್ಕಪ್ಪ ಇಬ್ಬರೂ ರಸಾಯನ ವಿಜ್ಞಾನಿಗಳು. ನಮ್ಮವರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 1933ರಲ್ಲಿ ಕಮಲಾ ಬಾಂಬೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪಡೆದರು. ಅಪ್ಪ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು. ಅಂಕ ಕಡಿಮೆಯಾಗಿ ಅಲ್ಲ, ಹೆಣ್ಣು ಎಂಬ ಕಾರಣಕ್ಕೆ.

ಈ ಹುಡುಗಿ ಸುಮ್ಮನೆ ವಾಪಸ್ಸು ಬರಲಿಲ್ಲ. ನೇರವಾಗಿ ರಾಮನ್ ಅವರ ಎದುರು ಹೋಗಿ ಪಟ್ಟು ಹಿಡಿದಳು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳ ಮೇಲೆ. ಮೊದಲ ಒಂದು ವರ್ಷ ಆಕೆಯನ್ನು ನಿಯಮಿತ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಗಂಡಸರ ಗಮನ ಬೇರೆಡೆ ಹೋಗದಂತೆ ನೋಡಿಕೊಳ್ಳುವ ಹೊಣೆಯೂ ಇವಳದೇ! ಮಾರ್ಗದರ್ಶಕರಾದ ಶ್ರೀನಿವಾಸಯ್ಯನವರ ಬಳಿ ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕೆಲಸ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಇವರ ಕೆಲಸ ನೋಡಿದ ಮೇಲೆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡತೊಡಗಿದರು.

ಅಲ್ಲಿಂದ ಕೇಂಬ್ರಿಜ್. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಿದ್ದಾಗ, ಸಸ್ಯಗಳ ಜೀವಕೋಶಗಳು ಉಸಿರಾಡುವುದಕ್ಕೆ ಬೇಕಾದ 'ಸೈಟೋಕ್ರೋಮ್ ಸಿ' ಎಂಬ ವಸ್ತು ಅವುಗಳಲ್ಲಿ ಇದೆಯೆಂದು ತೋರಿಸಿದರು. ಅವರ ಪ್ರಬಂಧ ಕೇವಲ 40 ಪುಟದ್ದು. 1939ರಲ್ಲಿ ಪಿಎಚ್.ಡಿ. ಪಡೆದು ದೇಶಕ್ಕೆ ಮರಳಿದರು.

ಈಗ ನನ್ನ ಒಂದು ಗಂಟೆಗೆ ಬರುತ್ತೇನೆ.

ರಾಮನ್ ಅವರ ಬಗ್ಗೆ ನಾನು ಕೇಳುವುದಿಲ್ಲ. ಅದನ್ನು ಅವರೇ ಹೇಳಿದ್ದಾರೆ. 1997ರಲ್ಲಿ, 86ರ ಇಳಿವಯಸ್ಸಿನಲ್ಲಿ, ವಿಜ್ಞಾನಿ ಮಹಿಳೆಯರ ಸಭೆಯೊಂದರಲ್ಲಿ, ಅಷ್ಟು ದೊಡ್ಡ ವಿಜ್ಞಾನಿಯ ಮನಸ್ಸು ಆ ವಿಷಯದಲ್ಲಿ ಚಿಕ್ಕದಿತ್ತು, ಆ ಅವಮಾನ ತನಗೆ ಮರೆಯಲಾಗಲಿಲ್ಲ ಎಂಬ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದರು. ಅರವತ್ತು ವರ್ಷ ದಾಟಿದರೂ ನೋವು ಹಾಗೇ ಇತ್ತು. ಆದ್ದರಿಂದ ಬಾಗಿಲು ಮುಚ್ಚಿದ ದಿನದ ಕತೆ ನನಗೆ ಬೇಡ. ಅರ್ಧ ತೆರೆದ ಬಾಗಿಲ ಒಳಗೆ ಕಳೆದ ಆ ಒಂದು ವರ್ಷದ ಕತೆ ಬೇಕು.

"ಕಮಲಾತಾಯಿ, ಆ ವರ್ಷ ನಿಮಗೆ ಜ್ವರ ಬಂದಿತ್ತೇ? ಬಂದಾಗ ರಜೆ ಕೇಳುವ ಧೈರ್ಯ ಮಾಡಿದಿರಾ? ಗಾಜಿನ ಕೊಳವೆಯೊಂದು ಕೈಜಾರಿ ಒಡೆದರೆ ಪಕ್ಕದ ಹುಡುಗನ ಕೈಯಿಂದ ಒಡೆದಷ್ಟೇ ಸದ್ದಾಗುತ್ತಿತ್ತೇ, ಇಲ್ಲ ಹೆಚ್ಚಾಗುತ್ತಿತ್ತೇ? ನಾನು ಸೋತರೆ ನನ್ನ ಹಿಂದೆ ಬರುವ ಹುಡುಗಿಯರಿಗೂ ಬಾಗಿಲು ಮುಚ್ಚುತ್ತದೆ ಎಂಬ ಭಾರ ಹೊತ್ತುಕೊಂಡು ರಾತ್ರಿ ನಿದ್ದೆ ಹೇಗೆ ಬರುತ್ತಿತ್ತು?" ಇದನ್ನು ಕೇಳುತ್ತೇನೆ. ಪ್ರಯೋಗ ಮಾಡುವುದು ಒಂದು ಕೆಲಸ. ಪ್ರಯೋಗ ಮಾಡಲು ತನಗೆ ಅರ್ಹತೆಯಿದೆ ಎಂದು ದಿನದಿನವೂ ತೋರಿಸುತ್ತಿರುವುದು ಇನ್ನೊಂದು ಕೆಲಸ. ಗಂಡುಹುಡುಗರಿಗೆ ಮೊದಲನೆಯದು ಮಾತ್ರ ಇತ್ತು. ಇವರು ಎರಡನ್ನೂ ಮಾಡಿದರು. ಪದವಿ ಪತ್ರದಲ್ಲಿ ಎರಡನೆಯದರ ಲೆಕ್ಕ ಇರುವುದಿಲ್ಲ.

ಎರಡನೆಯ ಪ್ರಶ್ನೆ ನಮ್ಮಲ್ಲಿ ಬಹಳ ಜನರ ಬದುಕಿಗೆ ಹತ್ತಿರದ್ದು. ಭಾರತಕ್ಕೆ ಬಂದ ಮೇಲೆ ಅವರು ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಯಾಗಿದ್ದರು. ನಂತರ ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾದರು. 1947ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದರು. ಇಲ್ಲಿ ಕುಳಿತವರಲ್ಲಿ ಧಾರವಾಡದಲ್ಲೋ ಉಡುಪಿಯಲ್ಲೋ ಒಂದು ನೌಕರಿ, ಒಂದು ಓದು ಬಿಟ್ಟು, ಮದುವೆಯ ಟ್ರಂಕಿನ ಜೊತೆ ದಾದರ್ ಸ್ಟೇಷನ್ನಿನಲ್ಲಿ ಇಳಿದವರು ಎಷ್ಟು ಮಂದಿ? ನಾನೂ ಒಬ್ಬಳು. ಅದಕ್ಕೇ ಕೇಳುತ್ತೇನೆ: "ಕೂನೂರಿನ ಹುದ್ದೆ ಬಿಡುವಾಗ ಏನನ್ನಿಸಿತು? ಹೊಸ ಊರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವ ಶಕ್ತಿ ಎಲ್ಲಿಂದ ಬಂತು?"

ಯಾಕೆಂದರೆ ಅವರು ಶುರು ಮಾಡಿದರು. ನಮ್ಮ ಕೋಟೆ ಪ್ರದೇಶದಲ್ಲಿ, ಮೇಡಂ ಕಾಮಾ ರಸ್ತೆಯಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕಿಯಾದರು. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗುವಾಗ ಎಷ್ಟೋ ಸಲ ಆ ಕಲ್ಲಿನ ಕಟ್ಟಡದ ಪಕ್ಕದಲ್ಲೇ ನಾವು ಹಾದುಹೋಗಿದ್ದೇವೆ. ಬಡವರು ತಿನ್ನುವ ಬೇಳೆಕಾಳುಗಳ ಮೇಲೆ, ತಾಳೆ ಮರದ ತಾಜಾ ನೀರಾ ಮೇಲೆ ಅಲ್ಲಿ ಅವರು ವಿದ್ಯಾರ್ಥಿಗಳೊಂದಿಗೆ ಕೆಲಸ ಮಾಡಿದರು. ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರ ಸಲಹೆಯಿಂದ ಶುರುವಾದ ನೀರಾ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ಬುಡಕಟ್ಟು ಸಮುದಾಯಗಳ ಅಪೌಷ್ಟಿಕ ಮಕ್ಕಳಿಗೆ, ಗರ್ಭಿಣಿಯರಿಗೆ ಅದರಿಂದ ಪ್ರಯೋಜನವಿದೆ ಎಂದು ತೋರಿಸಿಕೊಟ್ಟರು. ಆದರೂ ಅದೇ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಇವರಿಗೆ ಸಿಗುವುದು ನಾಲ್ಕು ವರ್ಷ ತಡವಾಯಿತು. ಕೇಂಬ್ರಿಜ್ ಪದವಿ ಇದ್ದರೂ ಷರತ್ತಿನ ವರ್ಷ ಮುಗಿದಿರಲಿಲ್ಲ ನೋಡಿ!

ಮೂರನೆಯದು ಅಡುಗೆಮನೆಯ ಮಾತು. 1966ರಲ್ಲಿ ಮುಂಬಯಿಯ ಒಂಬತ್ತು ಮಂದಿ ಮಹಿಳೆಯರು ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಗ್ರಾಹಕರ ಸಂಘ ಕಟ್ಟಿದರು. ಕಮಲಾತಾಯಿ ಅದರಲ್ಲಿ ದುಡಿದರು, 1982ರಲ್ಲಿ ಅದರ ಅಧ್ಯಕ್ಷೆಯೂ ಆದರು. ಗ್ರಾಹಕರ ಸುರಕ್ಷತೆಯ ಬಗ್ಗೆ ಸಂಘದ 'ಕೀಮತ್' ಪತ್ರಿಕೆಗೆ ಬರೆದರು. ದೊಡ್ಡ ಪ್ರಯೋಗಾಲಯದ ವಿದ್ಯೆ ಮನೆಮಂದಿ ಸಂತೆಯಿಂದ ತರುವ ಚೀಲದವರೆಗೆ ಇಳಿದು ಬಂತು. "ನಿಮಗೆ ಯಾವ ಕೆಲಸ ಹೆಚ್ಚು ತೃಪ್ತಿ ಕೊಟ್ಟಿತು, ಆಲೂಗಡ್ಡೆಯ ಸೈಟೋಕ್ರೋಮೋ, ಇದೋ?" ಎಂದು ಕೇಳಬೇಕೆಂದಿದ್ದೇನೆ.

ಗಂಟೆಯಲ್ಲಿ ಐದು ನಿಮಿಷ ಉಳಿದರೆ ಅವರೂ ನನ್ನನ್ನು ಏನಾದರೂ ಕೇಳಬೇಕಲ್ಲ? "ಈಗ ನಿಮ್ಮ ಹುಡುಗಿಯರಿಗೆ ಷರತ್ತಿಲ್ಲದೆ ಬಾಗಿಲು ತೆರೆಯುತ್ತದೆಯೇ?" ಎಂದು ಕೇಳಬಹುದು. ಸಂಸ್ಥೆಗಳ ಮಾತು ಬಿಡಿ, ನಮ್ಮ ಮನೆಗಳಲ್ಲಿ? ಹುಡುಗಿಗೆ 'ಬೇಡ' ಎನ್ನುವ ಮನೆಗಳು ನಮ್ಮಲ್ಲಿ ಈಗ ಕಡಿಮೆ, ನಿಜ. 'ಹೂಂ, ಆದರೆ' ಎನ್ನುವ ಮನೆಗಳು ಬೇಕಾದಷ್ಟಿವೆ. ಓದು, ಆದರೆ ಇದೇ ಊರಲ್ಲಿ. ಕೆಲಸಕ್ಕೆ ಹೋಗು, ಆದರೆ ಮನೆಗೆಲಸ ತಪ್ಪಬಾರದು. ಕಂಪನಿ ಕಳಿಸಿದರೆ ಹೋಗಿ ಬಾ, ಆದರೆ ಗಂಡನನ್ನು, ಅತ್ತೆಯನ್ನು ಕೇಳಿಕೊಂಡು. ಮಗನಿಗೆ ಈ 'ಆದರೆ' ಇಲ್ಲ. ಅವನು ಇಂಜಿನಿಯರಿಂಗಿನಲ್ಲಿ ಒಂದು ವಿಷಯ ಫೇಲಾದರೆ ಮುಂದಿನ ಸಲ ಪಾಸಾಗುತ್ತಾನೆ ಎನ್ನುತ್ತೇವೆ. ಮಗಳು ಫೇಲಾದರೆ ಜಾತಕ ತೆಗೆಯುತ್ತೇವೆ.

ಷರತ್ತು ಹಾಕಿದರೂ ಗೆದ್ದು ತೋರಿಸಿದರಲ್ಲ, ಅದರಿಂದಲೇ ಗಟ್ಟಿಯಾದರು ಎಂದು ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕಮಲಾತಾಯಿ ಗೆದ್ದರು, ಸರಿ. ಅದೇ ಕಾಲದಲ್ಲಿ ತಿರಸ್ಕಾರದ ಪತ್ರ ಮಡಚಿಟ್ಟು ಸುಮ್ಮನಾದ ಹುಡುಗಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರಿಗೆ ವಿಜ್ಞಾನಿಗಳಾದ ತಂದೆ, ಚಿಕ್ಕಪ್ಪ ಇರಲಿಲ್ಲ, ಪಟ್ಟು ಹಿಡಿಯಲು ಬೆಂಬಲ ಇರಲಿಲ್ಲ. ಅಸಾಧಾರಣ ಧೈರ್ಯವಿದ್ದವರಿಗೆ ಮಾತ್ರ ತೆರೆಯುವ ಬಾಗಿಲನ್ನು ತೆರೆದ ಬಾಗಿಲು ಎನ್ನಲಾಗದು.

ಡಾ. ಕಮಲಾ ಸೋಹೋನಿ 1998ರಲ್ಲಿ ತೀರಿಕೊಂಡರು. ಆ ಒಂದು ಗಂಟೆ ನನಗೆ ಸಿಗುವುದಿಲ್ಲ. ಆದರೆ ಅವರು ಕೇಳಬಹುದಾದ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ನಮ್ಮ ಕೈಯಲ್ಲೇ ಇದೆ. ಮುಂದಿನ ಸಲ ಮಗಳೋ ಸೊಸೆಯೋ ಮೊಮ್ಮಗಳೋ ಏನಾದರೂ ಕೇಳಲು ಬಂದಾಗ 'ಹೂಂ' ಎಂದು ಅಲ್ಲಿಗೇ ನಿಲ್ಲಿಸೋಣ. 'ಆದರೆ' ನಾಲಿಗೆಯ ತುದಿಗೆ ಬಂದರೆ ಒಂದು ಗುಟುಕು ನೀರು ಕುಡಿಯೋಣ.