ತಲೆಗೆ ಬಿದ್ದ ಪೆಟ್ಟು

ಕೊಳ್ಳೇಗಾಲದ ಬಳಿ, ಕಾವೇರಿಯ ಮಗ್ಗುಲಲ್ಲಿರುವ ಮುಳ್ಳೂರಿನಲ್ಲಿ ನಾನು ಹುಡುಗನಾಗಿದ್ದಾಗ ಭತ್ತದ ಕೊಯಿಲು ಮುಗಿಯಿತೆಂದರೆ ಕಬಡ್ಡಿಯ ಕಾಲ ಬಂತೆಂದೇ ಅರ್ಥ. ಒಣಗಿದ ಗದ್ದೆಯಲ್ಲಿ ಬೂದಿಯ ಗೆರೆ ಎಳೆದರೆ ಅಂಕಣ ಸಿದ್ಧ. ಯಾರದೋ ಮೊಣಕಾಲು ಹಣೆಗೆ ಬಡಿದು ಹುಡುಗನೊಬ್ಬ ಕುಸಿದರೆ ಮುಖಕ್ಕೆ ನೀರು ಚಿಮುಕಿಸುತ್ತಿದ್ದೆವು. ಎದ್ದು ಕುಳಿತು, “ತಲೆ ಗಿಮ್ಮಂತು, ಅಷ್ಟೆ” ಎನ್ನುತ್ತಿದ್ದ. ಮತ್ತೆ ಆಟ. ರಕ್ತ ಬಂದರೆ ಮಾತ್ರ ಅದು ನಮ್ಮ ಲೆಕ್ಕದಲ್ಲಿ ಪೆಟ್ಟು.

ಈ ‘ಗಿಮ್ಮೆನ್ನುವುದ’ನ್ನು ನಾನು ಯಾವ ಕಾವ್ಯದಲ್ಲಿಯೂ ಕಂಡವನಲ್ಲ. ವೈದ್ಯರು ಅದನ್ನು ಕನ್‌ಕಷನ್ ಎನ್ನುತ್ತಾರೆ. ಬುರುಡೆಯೊಳಗೆ ಮಿದುಳು ಒಮ್ಮೆಲೇ ಕುಲುಕಿ, ಅದರ ವ್ಯಾಪಾರ ಕೆಲಕಾಲ ಏರುಪೇರಾಗುವ ಸ್ಥಿತಿ ಅದು. ಬಹುಪಾಲು ಪ್ರಸಂಗಗಳಲ್ಲಿ ಪ್ರಜ್ಞೆ ತಪ್ಪುವುದಿಲ್ಲ; ಸ್ಕ್ಯಾನ್ ಮಾಡಿದರೂ ಸಾಮಾನ್ಯವಾಗಿ ಏನೂ ಕಾಣದು. ತಲೆನೋವು, ಮರೆವು, ಮಂಕು, ಬೆಳಕನ್ನು ಸಹಿಸಲಾರದಿರುವುದು, ಇವನ್ನೆಲ್ಲ ಪೆಟ್ಟು ತಿಂದವರೇ ಬಾಯಿಬಿಟ್ಟು ಹೇಳಬೇಕು. ಹಿಂದೆ ಎಷ್ಟು ಸಲ ಹೀಗಾಗಿತ್ತೆಂಬುದನ್ನೂ ಹೇಳಬೇಕು. ಏಕೆಂದರೆ ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಮೊದಲನೆಯದು ಮಾಯುವ ಮುನ್ನ ಎರಡನೆಯದು ಬಿದ್ದು, ಅಪರೂಪಕ್ಕಾದರೂ, ಎಳೆಯರ ಮಿದುಳು ಊದಿಕೊಂಡು ಪ್ರಾಣವೇ ಹೋದದ್ದುಂಟು.

1928ರಲ್ಲಿ ಅಮೆರಿಕದ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಬಾಕ್ಸಿಂಗ್ ಪಟುಗಳ ತೂರಾಟ, ಮಂದಮತಿಗಳನ್ನು ಕುರಿತು ಬರೆದಾಗ ಅವರ ಕಣ್ಣಮುಂದಿದ್ದವರು ಗಂಡಸರು. ಆಮೇಲೆಯೂ ಬಹುಕಾಲ ಈ ಶಾಸ್ತ್ರ ಗಂಡಸರ ತಲೆಯನ್ನೇ ನೋಡುತ್ತ ಬೆಳೆಯಿತು. ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ ಬಂದದ್ದು 1990ರಲ್ಲಿ, ಹೆಂಗಸರದು 2010ರಲ್ಲಿ. ನಮ್ಮ ಕಾರ್ಕಳದ ಮಮತಾ ಪೂಜಾರಿ ಅಂದು ಚಿನ್ನ ಗೆದ್ದ ತಂಡದಲ್ಲಿದ್ದರು. ಇಬ್ಬರೂ ಒಂದೇ ನಿಯಮದಲ್ಲಿ ಆಡುವ ಫುಟ್‌ಬಾಲಿನಂಥ ಆಟಗಳಲ್ಲಿ ಈ ಪೆಟ್ಟು ಹುಡುಗಿಯರಲ್ಲಿಯೇ ಹೆಚ್ಚಾಗಿ ದಾಖಲಾಗಿದೆ. ಕತ್ತಿನ ಸ್ನಾಯುಗಳ ಬಲ ಕಡಿಮೆಯಿರುವುದು ಕಾರಣವಿರಬಹುದೆನ್ನುತ್ತಾರೆ. ಹುಡುಗಿಯರು ನೋವನ್ನು ಮುಚ್ಚಿಡದೆ ಹೇಳುವುದೂ ಕಾರಣವಿರಬಹುದೆನ್ನುತ್ತಾರೆ.

ಈ ಎರಡನೆಯ ಮಾತನ್ನು ಓದಿದಾಗ ನನಗೆ ನನ್ನ ವಿದ್ಯಾರ್ಥಿನಿಯೊಬ್ಬಳ ನೆನಪಾಯಿತು. ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ ಚುರುಕಾದ ಹುಡುಗಿ. ಒಂದು ದಿನ, ಚೆನ್ನಾಗಿ ಗೊತ್ತಿದ್ದ ಪದ್ಯದ ಅನ್ವಯ ಹೇಳಲಾರದೆ ನಿಂತಳು. “ಆಟದಲ್ಲಿರುವ ಗಮನ ಪಾಠದಲ್ಲಿಲ್ಲ” ಎಂದು ಎಲ್ಲರೆದುರಿಗೆ ಗದರಿದೆ. ಎಷ್ಟೋ ವರ್ಷಗಳ ಮೇಲೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ಅವಳೇ ಹೇಳಿದಳು: “ಆ ತಿಂಗಳು ಎರಡು ಸಲ ತಲೆಗೆ ಬಿದ್ದಿತ್ತು ಸಾರ್. ಮನೇಲಿ ಗೊತ್ತಾದ್ರೆ ಆಟ ಬಿಡಿಸ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ.” ಮುಳ್ಳೂರಿನ ಹುಡುಗ ಪೌರುಷಕ್ಕಾಗಿ ಮುಚ್ಚಿಟ್ಟದ್ದನ್ನು ಇವಳು ಆಟ ಉಳಿಸಿಕೊಳ್ಳುವುದಕ್ಕಾಗಿ ಮುಚ್ಚಿಟ್ಟಿದ್ದಳು. ನಾನು ಗದರಿದ್ದನ್ನು ಅವಳು ಎತ್ತಲಿಲ್ಲ. ನನಗೆ ಅದೇ ಹೆಚ್ಚು ನಾಟಿತು.

ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 2019ರಿಂದ ಇಂಥ ಪೆಟ್ಟು ತಿಂದವರ ಬದಲಿಗೆ ಇನ್ನೊಬ್ಬರನ್ನು ಆಡಿಸಲು ಅವಕಾಶವಿದೆ. ನಮ್ಮ ಗದ್ದೆಯ ಆಟಕ್ಕೆ ಅಷ್ಟು ಏರ್ಪಾಡೇನೂ ಬೇಕಿಲ್ಲ. ತಲೆಗೆ ಬಿದ್ದವರನ್ನು ಅಂದು ಮತ್ತೆ ಅಂಕಣಕ್ಕೆ ಇಳಿಸಬಾರದು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಿದ್ದರೆ, ತೂಕಡಿಕೆ ಬಿಡದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಉಳಿದವರಿಗೆ ಒಂದೆರಡು ದಿನದ ವಿಶ್ರಾಂತಿ, ಬಳಿಕ ಮೆಲ್ಲಮೆಲ್ಲನೆ ಓಡಾಟ. ವೈದ್ಯರು ಒಪ್ಪಿದ ಮೇಲೆ ಆಟ. ಅಂಕ ಬರೆಯುವವರು ಹೇಗೂ ಪೆನ್ನು ಹಿಡಿದು ಕುಳಿತಿರುತ್ತಾರೆ. ಯಾರಿಗೆ, ಯಾವ ದಿನ ಬಿತ್ತೆಂಬ ಒಂದು ಸಾಲನ್ನು ಅದೇ ಪುಸ್ತಕದಲ್ಲಿ ಬರೆದಿಡಲಿ. ಹುಡುಗಿಯ ಮನೆಗೆ ಹೇಳಿಕಳಿಸುವಾಗ, ಆಟವನ್ನು ಕೆಲವು ದಿನ ನಿಲ್ಲಿಸಬೇಕಾಗಿದೆ, ಬಿಡಿಸಬೇಕಾಗಿಲ್ಲ ಎಂಬುದನ್ನೂ ಸೇರಿಸಿ ಹೇಳಲಿ.