ನದಿಗೆ ಇಳಿಯೋಕೆ ಯಾವ ಬೂಟು? ಫೆಲ್ಟು, ರಬ್ಬರು ಮತ್ತು ಅಕ್ಕ ಬೈದ ಕಥೆ

ಪಾತ್ರೆ ತೊಳೆಯೋ ಲಿಕ್ವಿಡ್‌ಗೂ ಇವತ್ತಿನ ಎಪಿಸೋಡಲ್ಲಿ ಒಂದು ಮುಖ್ಯ ಪಾತ್ರ ಇದೆ, ಬಾಟಲಿ ಪಕ್ಕದಲ್ಲೇ ಇಟ್ಕೊಳ್ಳಿ.

ನ್ಯೂಜಿಲೆಂಡಲ್ಲಿರೋ ಅಕ್ಕನ ಮನೆಗೆ ಹೋಗಿದ್ದೆ ಅಂತ ಹೇಳಿದ್ನಲ್ಲ, ಅದರಲ್ಲಿ ಹೇಳದೆ ಬಿಟ್ಟಿದ್ದ ಒಂದು ವಿಷಯ ಇದೆ. ನನ್ನ ಮರ್ಯಾದೆ ಪ್ರಶ್ನೆ ಆಗಿತ್ತು, ಅದಕ್ಕೇ ಬಿಟ್ಟಿದ್ದೆ. ಇವತ್ತು ಹೇಳ್ತೀನಿ.

ಭಾವನಿಗೆ ಫ್ಲೈ ಫಿಶಿಂಗ್ ಹುಚ್ಚು. ಗೊತ್ತಿಲ್ಲದವರಿಗೆ: ಗಾಳಕ್ಕೆ ಎರೆಹುಳ ಸಿಕ್ಕಿಸಲ್ಲ. ದಾರ, ಗರಿ, ಕೂದಲು ಸುತ್ತಿ ನೊಣದ ಥರಾನೇ ಕಾಣೋ ಹಗುರವಾದ ಗಾಳ ಮಾಡ್ತಾರೆ. ಅದನ್ನ ಉದ್ದ ದಾರದಲ್ಲಿ ಬೀಸಿ ನೀರ ಮೇಲೆ ಇಳಿಸ್ಬೇಕು. ದಡದಲ್ಲಿ ಕೂತು ಆಗೋ ಕೆಲಸ ಅಲ್ಲ ಇದು. ಮೊಣಕಾಲುದ್ದ, ಕೆಲವು ಸಲ ಸೊಂಟದುದ್ದ ಹರಿಯೋ ನೀರಲ್ಲಿ ನಡೀಬೇಕು. ಹಾಗಾಗಿ ಬೂಟು ಬೇಕೇ ಬೇಕು.

ನಾನು ತೀರ್ಥಹಳ್ಳಿ ಕಡೆಯವನು. ತುಂಗೆಯ ಪಾಚಿಗಟ್ಟಿದ ಬಂಡೆ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದವನಿಗೆ ಬೂಟಿನ ಪಾಠ ಬೇರೆ ಬೇಕಾ ಅನ್ನೋ ಜಂಭ ಇತ್ತು. ಆದ್ರೂ ಹೋಗೋ ಮುಂಚೆ ಬೆಂಗಳೂರಲ್ಲಿ ಒಬ್ಬರ ಹತ್ರ ಸೆಕೆಂಡ್‌ಹ್ಯಾಂಡ್ ವೇಡಿಂಗ್ ಬೂಟು ತಗೊಂಡೆ, 4,500 ರೂಪಾಯಿಗೆ. ತಳದಲ್ಲಿ ಫೆಲ್ಟು. ಫೆಲ್ಟು ಅಂದ್ರೆ ಎಳೆಗಳನ್ನ ಒತ್ತಿ ಒತ್ತಿ ಗಟ್ಟಿ ಮಾಡಿದ, ನಮ್ಮ ಕಂಬಳಿಯ ಥರದ ಒಂದು ದಪ್ಪ ಪದರ. ಫೋಟೋ ಕಳಿಸಿದ ಕೂಡಲೇ ಭಾವನ ಫೋನು ಬಂತು. "ಅದನ್ನ ಅಲ್ಲೇ ಬಿಟ್ಟು ಬಾ. ಇಲ್ಲಿ ನದಿಗೆ ಇಳಿಸೋ ಹಾಗಿಲ್ಲ ಅದನ್ನ."

"ಯಾಕೆ ಭಾವ? ಹಿಡಿತ ಚೆನ್ನಾಗಿರುತ್ತೆ ಅಂದ್ರಲ್ಲ ಎಲ್ಲರೂ?"

"ಹಿಡಿತ ಚೆನ್ನಾಗೇ ಇರುತ್ತೆ ಮಾರಾಯ. ಅದಲ್ಲ ವಿಷಯ."

ವಿಷಯ ಏನಪ್ಪಾ ಅಂದ್ರೆ ಡಿಡಿಮೊ. ಬರಿಗಣ್ಣಿಗೆ ಕಾಣದ ಒಂದು ಏಕಕೋಶದ ಪಾಚಿ. 2004ರಲ್ಲಿ ದಕ್ಷಿಣ ದ್ವೀಪದ ಸೌತ್‌ಲ್ಯಾಂಡ್ ಪ್ರಾಂತ್ಯದ ವಾಯಾವು ನದಿಯಲ್ಲಿ ಮೊದಲು ಸಿಕ್ಕಿತು. ಕಲ್ಲಿಗೆ ಅಂಟಿಕೊಂಡು ಹಬ್ಬಿದ್ರೆ ಕಂದು ಬಣ್ಣದ ದಪ್ಪ ಚಾಪೆ. ಇಂಗ್ಲಿಷಲ್ಲಿ ಇದಕ್ಕೆ 'ಬಂಡೆಯ ಸಿಂಬಳ' ಅನ್ನೋ ಅಡ್ಡಹೆಸರಿದೆ, ಆದ್ರೆ ಮುಟ್ಟಿದ್ರೆ ಲೋಳೆ ಅಲ್ಲ, ಒದ್ದೆ ಹತ್ತಿ ಮುಟ್ಟಿದ ಹಾಗೆ. ಒಂದು ಹನಿ ನೀರು ಸಾಕು ಅದು ಇನ್ನೊಂದು ನದಿಗೆ ಹೋಗೋಕೆ. ಫೆಲ್ಟು ಆ ಹನಿಗಳನ್ನ ಹೀರ್ಕೊಂಡು ದಿನಗಟ್ಟಲೆ ಒದ್ದೆಯಾಗೇ ಇರುತ್ತೆ, ಎಳೆಗಳ ಒಳಗೆ ಸೇರಿದ ಮಣ್ಣು ಉಜ್ಜಿದ್ರೂ ಬರಲ್ಲ. 2008ರಲ್ಲಿ ಆ ದೇಶ ಸಿಹಿನೀರಿನ ಮೀನುಗಾರಿಕೆಗೆ ಫೆಲ್ಟ್ ತಳದ ಬೂಟು ಹಾಕೋದನ್ನೇ ನಿಷೇಧಿಸ್ತು. ನಮ್ಮ ಕೆರೆಗಳಿಗೆ ಅಂತರಗಂಗೆ ಬಂದು ಏನಾಯ್ತು ಅಂತ ನೋಡಿದವರಿಗೆ ಈ ಭಯ ಬಿಡಿಸಿ ಹೇಳ್ಬೇಕಾಗಿಲ್ಲ.

ಎಲ್ಲ ಕಡೆ ಲೆಕ್ಕ ಇಷ್ಟು ಸರಳವಾಗಿಲ್ಲ, ಅದನ್ನೂ ಹೇಳಿಬಿಡ್ತೀನಿ. ಅಮೆರಿಕದ ವರ್ಮಾಂಟ್ ರಾಜ್ಯ 2011ರಲ್ಲಿ ಫೆಲ್ಟ್ ನಿಷೇಧಿಸಿ 2016ರಲ್ಲಿ ವಾಪಸ್ ತಗೊಳ್ತು. ಡಿಡಿಮೊ ಅಲ್ಲಿ ಹೊರಗಿಂದ ಬಂದದ್ದಲ್ಲ, ನೀರಲ್ಲಿ ರಂಜಕ ತೀರಾ ಕಮ್ಮಿ ಆದಾಗ ಹಾಗೆ ಹಬ್ಬುತ್ತೆ ಅಂತ ಸಂಶೋಧಕರು ಹೇಳಿದ್ರು. ಆದ್ರೆ ಅಲಾಸ್ಕಾದಲ್ಲಿ 2012ರಿಂದ ನಿಷೇಧ ಇದೆ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 2018ರಿಂದ. ಯಾಕಂದ್ರೆ ಬೂಟು ಹೊತ್ತು ತರೋದು ಡಿಡಿಮೊ ಒಂದನ್ನೇ ಅಲ್ಲ. ಅಮೆರಿಕದ ನದಿಗಳಿಗೆ ತಲೆನೋವಾಗಿರೋ ಒಂದು ಪುಟಾಣಿ ಬಸವನಹುಳ ಇದೆ, ಅದರ ಹೆಸರೇ 'ನ್ಯೂಜಿಲೆಂಡ್ ಮಡ್ ಸ್ನೇಲ್'. ಕೊಟ್ಟು ತಗೊಳ್ಳೋ ವ್ಯವಹಾರ ಎರಡೂ ಕಡೆ ಇದೆ.

ಸರಿ, ಫೆಲ್ಟು ಮನೇಲಿ ಬಿಟ್ಟು ಹೋದೆ. ವಿಮಾನ ನಿಲ್ದಾಣದಲ್ಲಿ ನನ್ನ ಹಳೇ ಟ್ರೆಕ್ಕಿಂಗ್ ಶೂ ಬಗ್ಗೆ ಫಾರ್ಮಲ್ಲಿ ಬರೆದಿದ್ದೆ. ಅಧಿಕಾರಿ ತಳ ತಿರುಗಿಸಿ ನೋಡಿ, ಒಳಗೆ ಒಯ್ದು ತೊಳೆದು ತಂದುಕೊಟ್ರು. ಬರೀದೇ ಸಿಕ್ಕಿಬಿದ್ರೆ 400 ಡಾಲರ್ ದಂಡ. ನಾವು ದೇವಸ್ಥಾನದ ಹೊರಗೆ ಚಪ್ಪಲಿ ಬಿಡ್ತೀವಿ, ಅಲ್ಲಿ ದೇಶದ ಬಾಗಿಲಲ್ಲೇ ತೊಳೆಸ್ತಾರೆ.

ಅಲ್ಲಿ ಹೊಸ ಬೂಟು ತಗೊಂಡೆ. ಸಾಧಾರಣದ್ದು 200 ಡಾಲರ್ ಆಸುಪಾಸು, ಒಳ್ಳೇದು 400ರವರೆಗೂ ಹೋಗುತ್ತೆ. ಬಿ.ಕಾಂ. ತಲೆ ಕೆಲಸ ಶುರು ಮಾಡ್ತು, ಎರಡು ತಪ್ಪು ಮಾಡಿದೆ.

ಮೊದಲ್ನೇದು ಸೈಜು. ವೇಡರ್ ಅಂತ ಎದೆವರೆಗೂ ಬರೋ, ನೀರು ಒಳಗೆ ಬಿಡದ ಪ್ಯಾಂಟು ಇರುತ್ತಲ್ಲ, ಅದರ ಪಾದ ದಪ್ಪ ನಿಯೋಪ್ರೀನ್‌ದು. ಒಳಗೆ ಉಣ್ಣೆ ಕಾಲುಚೀಲ ಬೇರೆ. ನಾನು ಬರೀ ತೆಳು ಸಾಕ್ಸಲ್ಲಿ ಹಾಕಿ ನೋಡಿ ನನ್ನ ಮಾಮೂಲಿ ಸೈಜೇ ತಗೊಂಡೆ. ಬಿಗಿ ಬೂಟಲ್ಲಿ ರಕ್ತ ಸರಿಯಾಗಿ ಓಡಲ್ಲ, ಅರ್ಧ ಗಂಟೆಗೆ ಬೆರಳು ಇವೆಯೋ ಇಲ್ಲವೋ ಗೊತ್ತಾಗಲ್ಲ. ಕೆಲವು ಕಂಪನಿಗಳು ಈ ದಪ್ಪ ಲೆಕ್ಕ ಹಾಕೇ ಅಳತೆ ಮಾಡಿರ್ತಾರೆ, ಕೆಲವರು ಮಾಡಿರಲ್ಲ. ಅದಕ್ಕೇ ವೇಡರ್ ಸಮೇತ ಅಂಗಡಿಗೆ ಹೋಗಿ, ಹಾಕ್ಕೊಂಡು ಬೆರಳು ಆಡಿಸಿ ನೋಡಿ. ನಾಚ್ಕೋಬೇಡಿ.

ಎರಡ್ನೇದು ಮೊಳೆ. ರಬ್ಬರ್ ತಳ ಒಣ ಕಲ್ಲು, ಮಣ್ಣು, ಹುಲ್ಲಿನ ಮೇಲೆ ಚೆನ್ನಾಗಿರುತ್ತೆ. ಪಾಚಿ ಕಲ್ಲಿನ ಮೇಲೆ ಫೆಲ್ಟಿಗೆ ಸಮ ಅಲ್ಲವೇ ಅಲ್ಲ. ಆ ಕೊರತೆ ತುಂಬೋಕೆ ತಳಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಮೊಳೆ ತಿರುಪಿ ಕೂರಿಸ್ತಾರೆ. ಪಾಚಿ ಸೀಳ್ಕೊಂಡು ಕಲ್ಲು ಕಚ್ಚುತ್ತೆ. ಕಿರ್ ಕಿರ್ ಸದ್ದು ಮಾಡುತ್ತೆ, ಬೇರೆಯವರ ದೋಣಿ ಹತ್ತಿದ್ರೆ ಬೈಗುಳ ಗ್ಯಾರಂಟಿ. "ಆಮೇಲೆ ಹಾಕಿಸ್ಕೊಳ್ಳೋಣ" ಅಂತ ದುಡ್ಡು ಉಳಿಸಿದೆ.

ಮಾರ್ಚ್ ತಿಂಗಳು, ಗೋರ್ ಊರಿನ ಹತ್ರ ಮಟಾರಾ ನದಿ. ಊರಿನ ಮಧ್ಯೆ ದೊಡ್ಡ ಟ್ರೌಟ್ ಮೀನಿನ ಪ್ರತಿಮೆ ಇದೆ. ಆ ಟ್ರೌಟೂ ಹೊರಗಿಂದಲೇ ಬಂದದ್ದು, 19ನೇ ಶತಮಾನದಲ್ಲಿ ತಂದು ಬಿಟ್ಟಿದ್ದು. ಅದನ್ನ ಭಾವನಿಗೆ ಹೇಳಿದ್ದಕ್ಕೆ "ಹೂಂ, ಬಾಡಿಗೆದಾರ ಮನೆ ಓನರ್ ಆಗಿದ್ದಾನೆ" ಅಂದ್ರು.

ಹತ್ತೇ ಹೆಜ್ಜೆ. ನೀರು ತೊಡೆವರೆಗೆ ಬಂತು. ಒಂದು ದುಂಡು ಕಲ್ಲಿನ ಮೇಲೆ ಕಾಲಿಟ್ಟೆ, ಕಾಲು ಹೋಯ್ತು. ತುಂಗೆ ಕಲಿಸಿದ್ದು ಬರಿಗಾಲಿಗೆ. ಬೆರಳು ಕಲ್ಲನ್ನ ಹುಡುಕಿ ಹಿಡ್ಕೊಳ್ಳುತ್ತೆ, ಬೂಟಿನೊಳಗೆ ಮರಗಟ್ಟಿದ ಬೆರಳಿಗೆ ಏನೂ ಗೊತ್ತಾಗಲ್ಲ. ನೀರು ನನ್ನನ್ನ ಸಲೀಸಾಗಿ ಎತ್ಕೊಂಡು ಹೊರಟ್ತು. ಭಾವ ತನ್ನ ಊರುಗೋಲು ಚಾಚಿದ್ರು, ಹಿಡ್ಕೊಂಡೆ. ಅವರು ಮೊಳೆ ಬೂಟಲ್ಲಿ ಕಂಬದ ಹಾಗೆ ನಿಂತಿದ್ರು. ಎಡ ಮೊಣಕಾಲು ತರಚಿತು, ಜೇಬಲ್ಲಿದ್ದ ರೆಕಾರ್ಡರ್ ಹೋಯ್ತು. ಇನ್ನು ಐವತ್ತು ಮೀಟರ್ ಕೆಳಗೆ ಆಳದ ಮಡು. ಫೆಲ್ಟ್ ಇದ್ದಿದ್ರೆ ಬೀಳ್ತಿರಲಿಲ್ಲವೇನೋ ಅಂತ ಆವತ್ತು ರಾತ್ರಿಯೆಲ್ಲ ಅನ್ನಿಸ್ತಾ ಇತ್ತು, ಸುಳ್ಳು ಹೇಳಲ್ಲ.

ಮಾರನೇ ದಿನ ಇಪ್ಪತ್ತು ಮೊಳೆ ಹಾಕಿಸಿದೆ, ಒಂದು ಊರುಗೋಲು ತಗೊಂಡೆ. ಆಮೇಲಿನ ಮೂರು ದಿನ ಒಮ್ಮೆಯೂ ಜಾರಲಿಲ್ಲ.

ಈಗ ಬರೋದು ಮರ್ಯಾದೆ ಹೋದ ಭಾಗ. ಕೊನೇ ವಾರ ಉತ್ತರ ದ್ವೀಪಕ್ಕೆ, ಟುರಂಗಿಯ ಟೊಂಗರೀರೋ ನದಿಗೆ ಒಬ್ಬನೇ ಹೋಗೋದು ಅಂತ ಇತ್ತು. ಹಿಂದಿನ ಸಂಜೆವರೆಗೂ ಮಟಾರಾದಲ್ಲೇ ಇದ್ದೆ. ಬೂಟು ಒದ್ದೆ. ಬೆಳಗ್ಗೆ ವಿಮಾನ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದೆ. 200 ಡಾಲರ್ ಕೊಟ್ಟ ಬೂಟು ಬಿಟ್ಟು ಅಲ್ಲಿ ಮತ್ತೆ ಬಾಡಿಗೆ ಯಾಕೆ ಕೊಡ್ಲಿ? ಅಕ್ಕ ಚಟ್ನಿಪುಡಿ ಡಬ್ಬಿ ಇಡೋಕೆ ಅಂತ ಬ್ಯಾಗ್ ತೆಗೆದಳು.

"ಏನೋ ಇದು?"

"ಬೂಟು ಕಣೇ. ರಬ್ಬರ್‌ದೇ."

"ಒಳಗಿನ ಬಟ್ಟೆ, ಲೇಸು, ನಾಲಿಗೆ ಎಲ್ಲ ರಬ್ಬರಾ? ನೀರು ತೊಟ್ಟಿಕ್ಕುತ್ತಿದೆ. ಉತ್ತರ ದ್ವೀಪದಲ್ಲಿ ಡಿಡಿಮೊ ಇಲ್ಲ, ಗೊತ್ತಾ ನಿಂಗೆ? ಇಪ್ಪತ್ತು ವರ್ಷದಿಂದ ಇಡೀ ದೇಶ ಅದನ್ನ ಅಲ್ಲಿಗೆ ಹೋಗದ ಹಾಗೆ ತಡೀತಿದೆ. ನೀನು ಬಾಡಿಗೆ ಉಳಿಸೋಕೆ ಹೊತ್ಕೊಂಡು ಹೋಗ್ತೀಯಾ?"

ಅವಳು ಇವತ್ತಿನವರೆಗೂ ಗಾಳ ಮುಟ್ಟಿದವಳಲ್ಲ. ನಾನು ಕಾಮರ್ಸ್ ಕ್ಲಾಸಲ್ಲಿ ಓದಿದ್ದೆ, ಒಬ್ಬ ಉಳಿಸಿದ ಖರ್ಚನ್ನ ಇನ್ಯಾರೋ ಹೊರೋದಕ್ಕೆ ಎಕ್ಸ್‌ಟರ್ನಾಲಿಟಿ ಅಂತಾರೆ ಅಂತ. ಪರೀಕ್ಷೇಲಿ ಕಾರ್ಖಾನೆ ಹೊಗೆಯ ಉದಾಹರಣೆ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದೆ.

ಅಲ್ಲಿನ ನಿಯಮ ಇಷ್ಟು: ಕಸಕಡ್ಡಿ ನೋಡಿ ತೆಗೀರಿ, ತೊಳೀರಿ, ಒಣಗಿಸಿ. ತೊಳೆಯೋಕೆ ಡಿಡಿಮೊಗೆ ಅಂತ ಮೊದಲಿಂದ ಹೇಳ್ತಿದ್ದದ್ದು 500 ಮಿ.ಲೀ. ಪಾತ್ರೆ ತೊಳೆಯೋ ಲಿಕ್ವಿಡ್, ಅದಕ್ಕೆ ನೀರು ಸೇರಿಸಿ ಒಟ್ಟು 10 ಲೀಟರ್. ನೀರು ಹೀರೋ ಭಾಗ ಇದ್ರೆ ದ್ರಾವಣ ಒಳಗೆ ಪೂರ್ತಿ ಇಳಿಯೋವರೆಗೂ ನೆನೆಸ್ಬೇಕಿತ್ತು. ಬರೀ ಒಣಗಿಸೋದಾದ್ರೆ ಒಳಗೂ ಹೊರಗೂ ಮುಟ್ಟಿ ನೋಡಿದಾಗ ಪೂರ್ತಿ ಒಣಗಿರ್ಬೇಕು, ಅದಾದ ಮೇಲೆ ಇನ್ನೂ 48 ಗಂಟೆ ಬಿಡ್ಬೇಕು. ರಬ್ಬರ್ ತಳ ಅಂದ ಮಾತ್ರಕ್ಕೆ ಇದು ತಪ್ಪಲ್ಲ, ಬೇಗ ಮುಗಿಯುತ್ತೆ ಅಷ್ಟೇ. ಅದಕ್ಕೇ ಕೊಳ್ಳುವಾಗ ಒಳಗೆ ಸ್ಪಂಜಿನ ಪದರ ಕಮ್ಮಿ ಇರೋದು, ನೀರು ಸೋರಿ ಹೋಗೋಕೆ ಪಕ್ಕದಲ್ಲಿ ತೂತು ಇರೋದು ನೋಡಿ. ಅಂಗಡೀಲಿ ಯಾರೂ ಇದನ್ನ ಹೇಳಲ್ಲ, ಎಲ್ಲರೂ ಹಿಡಿತದ ಬಗ್ಗೆನೇ ಮಾತಾಡ್ತಾರೆ.

ಬೂಟು ಅಕ್ಕನ ಮನೆ ಹಿತ್ತಲ ಬಕೆಟ್ಟಿಗೆ ಹೋಯ್ತು. ಟುರಂಗಿಯಲ್ಲಿ ಬಾಡಿಗೆ ಬೂಟು ತಗೊಂಡೆ, ಈ ಸಲ ಒಂದು ಸೈಜ್ ದೊಡ್ಡದು. ಮೀನು ಒಂದೂ ಸಿಗಲಿಲ್ಲ.

4,500ರ ಫೆಲ್ಟ್ ಬೂಟು ಇನ್ನೂ ನಮ್ಮ ರೂಮಿನ ಅಟ್ಟದ ಮೇಲಿದೆ. ಮಾರ್ತೀರಾ ಅಂತ ಕಳೆದ ವಾರ ಒಬ್ಬರು ಕೇಳಿದ್ರು. ಎಲ್ಲಿಗೆ ಹೋಗ್ತಿದ್ದೀರಿ, ಮುಂಚೆ ಯಾವ ನದಿಗೆ ಇಳಿದಿದ್ದೀರಿ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ. ಬಂದ್ರೆ ಹೇಳ್ತೀನಿ. ಮುಂದಿನ ವಾರ ಸಿಗೋಣ.