ಹುಲಿಯ ಪಕ್ಕೆಯ ಫೋಟೊ



ಸಫಾರಿಗೆ ಹೋದವರೆಲ್ಲ ಹುಲಿಯ ಮುಖದ ಫೋಟೊ ಬಯಸುತ್ತಾರೆ. ಸಂರಕ್ಷಣೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಪಕ್ಕೆಯ ಫೋಟೊ. ನಮ್ಮ ಬೆರಳಚ್ಚಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಬದಿ, ಬಲಬದಿಯ ಪಟ್ಟೆಗಳೂ ಬೇರೆ. ನಮ್ಮ ಅಷ್ಟಮಿಯ ಹುಲಿಗಳಿಗೆ ಮಾತ್ರ ಬಣ್ಣ ಬಳಿದವರು ಹಾಕಿದ್ದೇ ಪಟ್ಟೆ!

ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದ ಡಾ. ಉಲ್ಲಾಸ ಕಾರಂತರು, ನಮ್ಮ ಶಿವರಾಮ ಕಾರಂತರ ಮಗ, 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ಕ್ಯಾಮೆರಾ ಇಟ್ಟು ಹುಲಿಗಳನ್ನು ಗುರುತಿಸಿದರು. ಮೊದಲು ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಎಂಬ ಲೆಕ್ಕದಿಂದ, ಕ್ಯಾಮೆರಾಕ್ಕೆ ಸಿಗದವುಗಳನ್ನೂ ಅಂದಾಜು ಮಾಡಬಹುದು. ಅದಕ್ಕೆ ಮುಂಚೆ ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು. ಈಗ ಪಟ್ಟೆ ಹೋಲಿಸಲು ಸಾಫ್ಟ್‌ವೇರ್ ಇದೆ; ನನ್ನ ವೃತ್ತಿಯವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. 2022ರ ಅಂದಾಜಿನಲ್ಲಿ ಕರ್ನಾಟಕದಲ್ಲಿ 563 ಹುಲಿಗಳು.

ನಾವು ಸಫಾರಿಯಲ್ಲಿ ತೆಗೆಯುವ ಫೋಟೊ ಗಣತಿಯಲ್ಲ. ಆದರೆ ದಿನಾಂಕ, ಜಾಗ ಬರೆದಿಟ್ಟರೆ, ಈ ಹುಲಿ ಅಂದು ಅಲ್ಲಿತ್ತು, ಕಾಲಿಗೆ ಉರುಳಿನ ಗಾಯವಾಗಿತ್ತು ಎಂಬುದಕ್ಕೆ ಅದು ದಾಖಲೆ. ಅರಣ್ಯ ಇಲಾಖೆಗೆ ಕೊಡಿ. ಜಾಗದ ಹೆಸರು ಸಮೇತ ಕೂಡಲೇ ವಾಟ್ಸಾಪ್‌ಗೆ ಹಾಕಬೇಡಿ. ಕಳ್ಳಬೇಟೆಯವರ ಕೈಯಲ್ಲೂ ಮೊಬೈಲ್ ಇದೆ. ಜೀಪಿನ ಚಾಲಕರಿಗೆ "ಇನ್ನೂ ಹತ್ತಿರ ಹೋಗಿ" ಎನ್ನುವುದೂ ಬೇಡ. ಹುಲಿ ತನ್ನ ಪಾಡಿಗೆ ದಾರಿ ದಾಟುವಾಗ ದೂರದಿಂದ ತೆಗೆದ ಚಿತ್ರದಲ್ಲೇ ಪಟ್ಟೆ ಪೂರ್ತಿ ಕಾಣುತ್ತದೆ.